ಸರ್ವೇ ದುರ್ಬೀನಿನೊಳಗಿನ ಮಸೂರಗಳು

ಜಾಗದ ಗಡಿ ಒಂದಡಿ ಆಚೀಚೆಯಾದರೆ ನೆರೆಹೊರೆಯವರು ಕೋರ್ಟು ಮೆಟ್ಟಲೇರುವುದುಂಟು. ತಪ್ಪು ಸರಪಳಿಯದೇ ಆಗಬೇಕೆಂದಿಲ್ಲ. ದುರ್ಬೀನಿನಲ್ಲಿ ನೋಡಿದ ರೀತಿಯದೂ ಆಗಿರಬಹುದು. ಆದುದರಿಂದ ಸರ್ವೇ ಕಲಿಯುವವರು ಮಸೂರದ ಪಾಠವನ್ನು ಪರೀಕ್ಷೆಗೆಂದು ಮಾತ್ರ ಓದಿ ಮರೆಯಬಾರದು.

ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯ ಗುಂಡುಮಾಲ್ ಕರ್ನಾಟಕದ ಗಡಿಗೆ ಹತ್ತಿರದ ಊರು. ಗುತ್ತಿಗೂ ಬೀದರಿಗೂ ನಡುವಣ ಈ ಸೀಮೆ ಸರ್ವೇಯ ಚರಿತ್ರೆಯಲ್ಲಿ ಮುಖ್ಯವಾದುದು. 1802ರಲ್ಲಿ ಮದರಾಸಿನಲ್ಲಿ ಆಧಾರರೇಖೆ ಅಳೆದ ವಿಲಿಯಂ ಲ್ಯಾಂಬ್ಟನ್ 1811ರಲ್ಲಿ ಗುತ್ತಿಯ ಬಳಿ, 1815ರಲ್ಲಿ ಬೀದರಿನ ಬಳಿ ಮತ್ತೆ ಆಧಾರರೇಖೆಗಳನ್ನು ಅಳೆದರು. ನಡುವಿನ ದೂರವನ್ನು ಕೋನಗಳಿಂದ ಲೆಕ್ಕ ಹಾಕಿದರು. ಅವರ ದೊಡ್ಡ ಥಿಯೋಡೊಲೈಟಿನ ತೂಕ ಸುಮಾರು ಅರ್ಧ ಟನ್, ವೃತ್ತದ ವ್ಯಾಸ 3 ಅಡಿ. ಅಷ್ಟು ಭಾರದ ಯಂತ್ರದಲ್ಲೂ ಗುರಿ ಹಿಡಿಯುತ್ತಿದ್ದುದು ಗಾಜಿನ ಮಸೂರಗಳೇ.

ದುರ್ಬೀನಿನ ಮುಂಭಾಗದ ವಸ್ತುಮಸೂರವು ದೂರದ ಗುರಿಯ ತಲೆಕೆಳಗಾದ ಬಿಂಬವನ್ನು ಕೊಳವೆಯೊಳಗೆ ಮೂಡಿಸುತ್ತದೆ. ಅಲ್ಲೇ ಅಡ್ಡಗೆರೆಗಳಿವೆ, ಹಿಂದೆ ಇದಕ್ಕೆ ಜೇಡನ ಎಳೆಯನ್ನೂ ಬಳಸುತ್ತಿದ್ದರು. ನೇತ್ರಮಸೂರವು ಬಿಂಬವನ್ನೂ ಗೆರೆಗಳನ್ನೂ ಒಟ್ಟಿಗೆ ದೊಡ್ಡದಾಗಿಸಿ ತೋರಿಸುತ್ತದೆ.

ಆದರೆ ಬಿಂಬದ ಸ್ಥಾನ ಸ್ಥಿರವಲ್ಲ. ವಸ್ತುಮಸೂರದ ಸಂಗಮದೂರ 25 ಸೆಂ.ಮೀ. ಎಂದಿಟ್ಟುಕೊಳ್ಳಿ. ಅತಿ ದೂರದ ಗುಡ್ಡದ ಬಿಂಬ 25 ಸೆಂ.ಮೀ.ನಲ್ಲಿ ಮೂಡುತ್ತದೆ, 10 ಮೀಟರ್ ದೂರದ ಕೋಲಿನ ಬಿಂಬ ಸುಮಾರು 25.64 ಸೆಂ.ಮೀ.ನಲ್ಲಿ. ಅಂದರೆ 6 ಮಿ.ಮೀ.ಗೂ ಮಿಕ್ಕಿದ ವ್ಯತ್ಯಾಸ. ಗುರಿಯ ದೂರ ಬದಲಾದಾಗಲೆಲ್ಲ ಫೋಕಸ್ ತಿರುಪನ್ನು ತಿರುಗಿಸಬೇಕಾದುದು ಇದಕ್ಕಾಗಿ.

ಬಿಂಬ ಗೆರೆಗಳ ತಲದಲ್ಲೇ ಬೀಳದಿದ್ದರೆ ಕಣ್ಣು ಸ್ವಲ್ಪ ಸರಿದಾಗ ಗುರಿಯೂ ಗೆರೆಯಿಂದ ಸರಿದಂತೆ ಕಾಣುತ್ತದೆ. ಇದೇ ಪ್ಯಾರಲಾಕ್ಸ್ ದೋಷ. ಪರಿಹಾರ ಸುಲಭ. ಮೊದಲು ದುರ್ಬೀನನ್ನು ಆಕಾಶದ ಕಡೆಗೋ ಬಿಳಿ ಕಾಗದದ ಕಡೆಗೋ ತಿರುಗಿಸಿ, ಗೆರೆಗಳು ಕಪ್ಪಾಗಿ ಸ್ಪಷ್ಟವಾಗಿ ಕಾಣುವವರೆಗೆ ನೇತ್ರಮಸೂರವನ್ನು ಹೊಂದಿಸಬೇಕು. (ಸೂರ್ಯನತ್ತ ಎಂದಿಗೂ ತಿರುಗಿಸಕೂಡದು, ಕಣ್ಣೇ ಹೋದೀತು.) ಅನಂತರ ಗುರಿಯನ್ನು ಫೋಕಸ್ ಮಾಡಬೇಕು. ಕೊನೆಗೆ ತಲೆಯನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಆಡಿಸಿ ನೋಡಬೇಕು. ಗುರಿ ಕದಲದಿದ್ದರೆ ಕೋನವನ್ನು ಬರೆದುಕೊಳ್ಳಬಹುದು. ಒಬ್ಬರ ಕಣ್ಣಿನಂತೆ ಇನ್ನೊಬ್ಬರದಿಲ್ಲ. ನೋಡುವವರು ಬದಲಾದರೆ ನೇತ್ರಮಸೂರವನ್ನೂ ಮತ್ತೆ ಹೊಂದಿಸಬೇಕು.

ಕೋನದಲ್ಲಿ ಒಂದು ಮಿನಿಟಿನ ತಪ್ಪು 100 ಮೀಟರಿನಲ್ಲಿ ಸುಮಾರು 3 ಸೆಂ.ಮೀ. ಆಗುತ್ತದೆ, ಒಂದು ಕಿಲೋಮೀಟರಿನಲ್ಲಿ 29 ಸೆಂ.ಮೀ., ಅಂದರೆ ಹೆಚ್ಚುಕಡಿಮೆ ಒಂದಡಿ. ಇಂದಿನ ಟೋಟಲ್ ಸ್ಟೇಷನ್ ಕೋನವನ್ನು ಅಂಕಿಗಳಲ್ಲಿ ತಾನೇ ತೋರಿಸುತ್ತದೆ, ನಿಜ. ಆದರೆ ಕಣ್ಣಿಟ್ಟು ಗುರಿ ಹಿಡಿಯುವಾಗ ಗೆರೆ ಸರಿಯಾಗಿ ಕೂರದಿದ್ದರೆ, ಯಂತ್ರ ಆ ತಪ್ಪನ್ನೇ ಅಚ್ಚುಕಟ್ಟಾಗಿ ಬರೆದುಕೊಳ್ಳುತ್ತದೆ. ಗಡಿಕಲ್ಲು ನೆಟ್ಟ ಮೇಲೆ ತಿದ್ದುವುದಕ್ಕಿಂತ ನೆಡುವ ಮೊದಲು ಅರೆನಿಮಿಷ ತಲೆ ಆಡಿಸಿ ನೋಡುವುದು ಮೇಲು.