ಬೀಗ ಹಾಕಿದ ಮನೆಗೂ ವಿಮೆ

ಮಾನ್ವಿಯಲ್ಲಿ ಮನೆ ಕಟ್ಟಿಸಿ ವಿದೇಶದಲ್ಲಿ ದುಡಿಯುವವರು ಸಾಮಾನ್ಯವಾಗಿ ಬೀಗದ ಕೈಯನ್ನು ಬಂಧುಗಳಿಗೆ ಒಪ್ಪಿಸಿ ನಿಶ್ಚಿಂತರಾಗುತ್ತಾರೆ. 2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಆರಂಭದ ಮಹಾಮಳೆಯಲ್ಲಿ ರಾಯಚೂರು ಜಿಲ್ಲೆ ಕಂಡ ಹಾನಿಯನ್ನು ನೆನೆದರೆ ಅಷ್ಟೇ ಸಾಲದು.

2021ರ ಏಪ್ರಿಲ್ 1ರಿಂದ ಸಾಮಾನ್ಯ ವಿಮಾ ಕಂಪನಿಗಳು 'ಭಾರತ್ ಗೃಹ ರಕ್ಷಾ' ಎಂಬ ಏಕರೂಪದ ಪಾಲಿಸಿಯನ್ನು ನೀಡುತ್ತಿವೆ. ಬೆಂಕಿ, ಸಿಡಿಲು, ನೆರೆ, ಭೂಕಂಪಗಳ ಹಾನಿ ಇದರಲ್ಲಿ ಅಡಕವಾಗಿದೆ. ವಿಮಾ ಮೊತ್ತವೆಂದರೆ ಕಟ್ಟಡವನ್ನು ಮತ್ತೆ ಕಟ್ಟುವ ವೆಚ್ಚ. ನಿವೇಶನಕ್ಕೆ ಎಷ್ಟೇ ಬೆಲೆಯಿರಲಿ, ಅದು ಲೆಕ್ಕಕ್ಕೆ ಬಾರದು. ಗೃಹೋಪಯೋಗಿ ವಸ್ತುಗಳಿಗೆ ಕಟ್ಟಡದ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂ. ರಕ್ಷಣೆ ತಾನಾಗಿಯೇ ದೊರೆಯುತ್ತದೆ.

ತೊಡಕಿರುವುದು ಕಳವಿನಲ್ಲಿ. ನೆರೆ, ಬೆಂಕಿಯಂತಹ ಅವಘಡ ಸಂಭವಿಸಿದ 7 ದಿನಗಳೊಳಗಿನ ಕಳವಿಗೆ ಮಾತ್ರ ಈ ಪಾಲಿಸಿ ಅನ್ವಯಿಸುತ್ತದೆ. ಬೀಗ ಹಾಕಿದ ಮನೆಗಾದರೋ ಮೊದಲ ಭಯ ಕಳ್ಳರದೇ! ಅದಕ್ಕೆ ಪ್ರತ್ಯೇಕ ಕಳ್ಳತನ ವಿಮೆ ಬೇಕು. ಮನೆ 30 ದಿನಕ್ಕೂ ಹೆಚ್ಚು ಕಾಲ ಖಾಲಿ ಉಳಿದರೆ, ಕಂಪನಿಯ ಪೂರ್ವಸಮ್ಮತಿ ಇಲ್ಲದಿದ್ದಲ್ಲಿ ರಕ್ಷಣೆ ನಿಲ್ಲುವ ಷರತ್ತು ಹಿಂದಿನ ಅಗ್ನಿ ವಿಮೆಯಲ್ಲಿತ್ತು. ಆದುದರಿಂದ ಮನೆ ಖಾಲಿ ಇರುವುದನ್ನಾಗಲಿ, ಬಾಡಿಗೆಗೆ ಕೊಟ್ಟಿರುವುದನ್ನಾಗಲಿ ಮುಚ್ಚಿಡದೆ ಅರ್ಜಿಯಲ್ಲೇ ಬರೆಯುವುದು ಲೇಸು.

ಪರಿಹಾರ ಕೇಳಲು ಊರಿನಲ್ಲಿ ಒಬ್ಬರಿಗೆ ಅಧಿಕಾರ ಪತ್ರವಿರಬೇಕು. ವಿದೇಶದಲ್ಲಿ ಬರೆದ ಪತ್ರಕ್ಕೆ ಅಲ್ಲಿನ ಭಾರತೀಯ ದೂತಾವಾಸದ ದೃಢೀಕರಣ ಪಡೆದು, ಅದು ಭಾರತಕ್ಕೆ ತಲುಪಿದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಪಾವತಿಸತಕ್ಕದ್ದು. ಕಂಪನಿ ಕ್ಲೇಮನ್ನು ನಿರಾಕರಿಸಿದರೆ ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಲೋಕಪಾಲರಿಗೆ ದೂರು ಸಲ್ಲಿಸಬಹುದು.