ತುಪ್ಪುಳದ ಅಂಗಿ

ಮಾಗಿಯ ದಿನಗಳಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಯ ದಂಡೆಗೆ ಹೋಗಿ ನಿಂತವರು, ಬಿಳಿಯ ತಲೆಯ ಮೇಲೆ ಎರಡು ಕಪ್ಪು ಪಟ್ಟೆಗಳನ್ನು ಧರಿಸಿದ ಹೆಬ್ಬಾತುಗಳ ಹಿಂಡು ನೀರಿನಲ್ಲಿ ನಿಶ್ಚಿಂತೆಯಿಂದ ತೇಲುವುದನ್ನು ಕಂಡಿರುತ್ತಾರೆ. ಮಧ್ಯ ಏಷ್ಯದ ಎತ್ತರದ ಸರೋವರಗಳ ತೀರದಲ್ಲಿ ಹುಟ್ಟಿ, ಹಿಮಾಲಯವನ್ನು ದಾಟಿ, ನಮ್ಮ ಬಯಲುಸೀಮೆಯ ಹೊಲಗಳವರೆಗೆ ಬರುವ ಈ ಹಕ್ಕಿ, ದಾರಿಯ ಆ ಘೋರ ಶೀತವನ್ನು ಯಾವ ಬಲದಿಂದ ಗೆಲ್ಲುತ್ತದೆ? ಮೇಲೆ ಕಾಣುವ ಗರಿಗಳಿಗಿಂತಲೂ ಹೆಚ್ಚಾಗಿ, ಅವುಗಳ ಮರೆಯಲ್ಲಿ ಚರ್ಮಕ್ಕೆ ಒತ್ತಿಕೊಂಡು ಬೆಳೆಯುವ ತುಪ್ಪುಳದ ಬಲದಿಂದ. ಚಳಿಗಾಲದ ಚಾರಣಿಗರು ಡೌನ್ ಜಾಕೆಟ್ ಎಂದು ಕರೆಯುವ ಉಡುಪು, ಈ ಹಕ್ಕಿಯ ಬಂಧುಗಳಾದ ಸಾಕುಬಾತುಗಳ ತುಪ್ಪುಳವನ್ನು ತೆಳ್ಳನೆಯ ನೈಲಾನ್ ಬಟ್ಟೆಯೊಳಗೆ ತುಂಬಿ ಹೊಲಿದ ಅಂಗಿ.

ನನ್ನ ಹಳೆಯ ಜಾಕೆಟ್ಟಿನ ಹೊಲಿಗೆಯಿಂದ ಒಮ್ಮೆ ಹೊರಬಂದ ತುಪ್ಪುಳದ ಒಂದು ಕುಚ್ಚನ್ನು ಕಪ್ಪು ಕಾಗದದ ಮೇಲಿರಿಸಿ ಭೂತಗನ್ನಡಿಯಲ್ಲಿ ನೋಡಿದೆನು. ಗರಿಗಿರುವಂತೆ ಅದಕ್ಕೆ ನಡುವೆ ಗಟ್ಟಿಯಾದ ದಂಡವಿಲ್ಲ. ಒಂದು ಬಿಂದುವಿನಿಂದ ಹತ್ತಾರು ಎಳೆಗಳು ಸುತ್ತಲೂ ಹೊಮ್ಮಿ, ಒಂದೊಂದು ಎಳೆಯಿಂದಲೂ ಇನ್ನೂ ನವಿರಾದ ಮರಿಯೆಳೆಗಳು ಕವಲೊಡೆದು, ಎಕ್ಕದ ಬೀಜದ ಬಿಳಿಯ ಜುಟ್ಟನ್ನು ನೆನಪಿಗೆ ತರುತ್ತಿದ್ದುವು. ಬೆರಳಿನಿಂದ ಒತ್ತಿದರೆ ಇಲ್ಲವೆನ್ನುವಷ್ಟು ಕುಗ್ಗುವುದು. ಬೆರಳನ್ನೆತ್ತಿದರೆ ಮೆಲ್ಲನೆ ಅರಳಿ ಮೊದಲಿನಂತಾಗುವುದು. ಗರಿಯ ಎಳೆಗಳಲ್ಲಿ ಸೂಕ್ಷ್ಮವಾದ ಕೊಕ್ಕೆಗಳಿದ್ದು, ಅವು ಒಂದನ್ನೊಂದು ಹಿಡಿದು ಹಾಳೆಯಂತಾಗುತ್ತವೆ; ತುಪ್ಪುಳದಲ್ಲಿ ಆ ಕೊಕ್ಕೆಗಳಿಲ್ಲದ ಕಾರಣ ಎಳೆಗಳು ಬಿಡಿಬಿಡಿಯಾಗಿ ನಿಂತು, ತಮ್ಮ ನಡುವೆ ಗಾಳಿಗೆ ಎಡೆಮಾಡಿಕೊಡುತ್ತವೆ. ಗಾಳಿ ಸ್ವಭಾವತಃ ಉಷ್ಣದ ಮಂದವಾಹಕ. ಆದರೆ ಚಲಿಸುವ ಗಾಳಿ ಶಾಖವನ್ನು ಹೊತ್ತುಕೊಂಡು ಹೋಗುತ್ತದೆಯಾದ್ದರಿಂದ, ಅದನ್ನು ಕದಲದಂತೆ ಹಿಡಿದಿರಿಸುವುದೇ ತುಪ್ಪುಳದ ಸಮಸ್ತ ಕೌಶಲ. ಆದಕಾರಣ ಜಾಕೆಟ್ಟು ಶಾಖವನ್ನು ಕೊಡುವುದಿಲ್ಲ. ಸುಮ್ಮನೆ ಕುಳಿತ ಮನುಷ್ಯನ ದೇಹ ಹೊರಸೂಸುವ ಸುಮಾರು 100 ವಾಟ್ ಶಾಖವನ್ನು ಬೇಗನೆ ಹೋಗಗೊಡದೆ ಕಾಯುತ್ತದೆ.

ಈ ತತ್ತ್ವವನ್ನು ಪರ್ವತಾರೋಹಣಕ್ಕೆ ಧೈರ್ಯದಿಂದ ಅನ್ವಯಿಸಿದವರಲ್ಲಿ ಜಾರ್ಜ್ ಫಿಂಚ್ ಎಂಬ ರಸಾಯನವಿಜ್ಞಾನಿ ಅಗ್ರಗಣ್ಯನು. 1922ರ ಎವರೆಸ್ಟ್ ಯಾತ್ರೆಗೆ, ಬಲೂನಿನ ಬಟ್ಟೆಯೊಳಗೆ ಐಡರ್ ಬಾತಿನ ತುಪ್ಪುಳವನ್ನು ತುಂಬಿಸಿ ತಾನೇ ರೂಪಿಸಿದ ಕೋಟನ್ನು ತೊಟ್ಟು ಬಂದಾಗ, ಉಣ್ಣೆಯನ್ನೇ ನೆಚ್ಚಿದ್ದ ಜೊತೆಗಾರರು ಮೊದಲು ನಕ್ಕರು. ಮೇಲಿನ ಶಿಬಿರಗಳ ಗಾಳಿ ಬೀಸತೊಡಗಿದ ಮೇಲೆ ಅದೇ ಕೋಟನ್ನು ಆಸೆಗಣ್ಣಿನಿಂದ ನೋಡಿದರು. ಆ ವರ್ಷ ಆತನೂ ಜೆಫ್ರಿ ಬ್ರೂಸನೂ 8,300 ಮೀಟರಿಗೂ ಮೇಲೇರಿದರು. ಇದೇ ಫಿಂಚ್ 1952ರಿಂದ ಕೆಲವು ವರ್ಷ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ನಿರ್ದೇಶಕನಾಗಿದ್ದನೆಂಬುದು ನಮಗೆ ಆತ್ಮೀಯವಾದ ಸಂಗತಿ.

ಕೊಳ್ಳುವವನು ಅಂಗಡಿಯಲ್ಲಿ ಮೊದಲು ಕಾಣುವ ಅಂಕಿ ಫಿಲ್ ಪವರ್. ಒಂದು ಔನ್ಸ್, ಎಂದರೆ ಸುಮಾರು 28 ಗ್ರಾಂ ತುಪ್ಪುಳ, ಅರಳಿದಾಗ ಎಷ್ಟು ಘನ ಅಂಗುಲ ಜಾಗವನ್ನು ತುಂಬುತ್ತದೆಂಬುದನ್ನು ಅದು ಹೇಳುತ್ತದೆ. 800ರ ತುಪ್ಪುಳವಾದರೆ ಆ ಒಂದೇ ಔನ್ಸು ಸುಮಾರು 13 ಲೀಟರ್ ಜಾಗವನ್ನು ಆವರಿಸುತ್ತದೆ. 600ರದಾದರೆ 10 ಲೀಟರಿಗೆ ಕೊಂಚ ಕಡಿಮೆ. ಆದರೆ ಈ ಅಂಕಿಯೊಂದನ್ನೇ ನೆಚ್ಚುವುದು ಪ್ರಮಾದ. ಒಳಗೆ ತುಂಬಿರುವ ತುಪ್ಪುಳ ಎಷ್ಟು ಗ್ರಾಂ ಎಂಬುದನ್ನೂ ಕೇಳಬೇಕು. 800ರ ತುಪ್ಪುಳ 100 ಗ್ರಾಂ ಇದ್ದರೆ ಅದು ಅರಳುವುದು ಸುಮಾರು 46 ಲೀಟರಿನಷ್ಟು. 600ರದು 130 ಗ್ರಾಂ ಇದ್ದರೂ ಹೆಚ್ಚುಕಡಿಮೆ ಅಷ್ಟೇ. ಎರಡೂ ಸರಿಸುಮಾರು ಒಂದೇ ಸಮನಾಗಿ ಬೆಚ್ಚಗಿಡುತ್ತವೆ. ಬೆನ್ನಿನ ಮೇಲಿನ ಹೊರೆಯಲ್ಲಿ 30 ಗ್ರಾಂ ವ್ಯತ್ಯಾಸ, ಬೆಲೆಯಲ್ಲಿ ಅದಕ್ಕಿಂತ ಬಹಳ ಹೆಚ್ಚು. ಹೊಲಿಗೆಯನ್ನೂ ಪರೀಕ್ಷಿಸಬೇಕು. ಒಳಬಟ್ಟೆ ಹೊರಬಟ್ಟೆಗಳನ್ನು ನೇರವಾಗಿ ಕೂಡಿಸಿ ಹೊಲಿದಲ್ಲಿ, ಆ ಗೆರೆಯುದ್ದಕ್ಕೂ ತುಪ್ಪುಳವಿಲ್ಲದೆ ಚಳಿ ನುಸುಳುತ್ತದೆ; ಎರಡರ ನಡುವೆ ಕಿರಿದಾದ ಪಟ್ಟಿಯಿಟ್ಟು ಪೆಟ್ಟಿಗೆಯಂಥ ಅಂಕಣಗಳನ್ನು ಮಾಡಿದ ಜಾಕೆಟ್ಟು, ತೂಕ ಕೊಂಚ ಹೆಚ್ಚಾದರೂ, ಸೊನ್ನೆಗಿಂತ ಬಹಳ ಕೆಳಗಿನ ಶೀತಕ್ಕೆ ಯೋಗ್ಯ. ಒಳಗೊಂದು ಸ್ವೆಟರಿಗೆ ಜಾಗವಿರಲಿ. ಮೈಗೆ ಬಿಗಿದ ಜಾಕೆಟ್ಟಿನಲ್ಲಿ ತುಪ್ಪುಳ ಅರಳಲಾರದು.

ತುಪ್ಪುಳದ ಪರಮಶತ್ರು ನೀರು. ಹಕ್ಕಿ ತನ್ನ ತುಪ್ಪುಳದ ಮೇಲೆ ಒತ್ತಾಗಿ ಹೆಣೆದ ಗರಿಗಳ ಹೊದಿಕೆಯನ್ನು ಹೊದ್ದು, ಅದಕ್ಕೆ ಕೊಕ್ಕಿನಿಂದ ಎಣ್ಣೆ ಸವರಿಕೊಂಡು, ನೀರಿನಲ್ಲಿದ್ದೂ ಒಳಗೆ ಒಣಗಿರುತ್ತದೆ. ನಾವಾದರೋ ಆ ವ್ಯವಸ್ಥೆಯ ಒಳಭಾಗವನ್ನು ಮಾತ್ರ ಎರವಲು ಪಡೆದಿದ್ದೇವೆ. ನೆನೆದ ಎಳೆಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿ, ಗಾಳಿಯಿದ್ದ ಜಾಗಕ್ಕೆ ಅದಕ್ಕಿಂತ 20 ಪಟ್ಟಿಗೂ ಮಿಕ್ಕಿ ಉಷ್ಣವನ್ನು ಸಾಗಿಸುವ ನೀರು ಬಂದು ಕೂರುತ್ತದೆ. ಆದುದರಿಂದ ಪಶ್ಚಿಮಘಟ್ಟದ ಮಳೆಯ ಚಾರಣಕ್ಕೆ ಇದು ತಕ್ಕ ಉಡುಪಲ್ಲ. ಅಲ್ಲಿಗೆ ಒದ್ದೆಯಾದರೂ ಪೂರ್ತಿ ಸೋಲದ ಕೃತಕ ನಾರಿನ ಜಾಕೆಟ್ಟೋ ಉಣ್ಣೆಯೋ ಲೇಸು. ಹಿಮಾಲಯದ ಒಣಚಳಿಯಲ್ಲಿಯೂ ಮಳೆಗಿಂತ ಮೋಸಗೊಳಿಸುವುದು ನಮ್ಮದೇ ಬೆವರು. ಏರುವಾಗ ದೇಹ ಕುಳಿತಾಗಿನದಕ್ಕಿಂತ ಹಲವು ಪಟ್ಟು ಶಾಖವನ್ನು ಹುಟ್ಟಿಸುತ್ತದೆ. ಆಗ ಜಾಕೆಟ್ಟು ಚೀಲದೊಳಗಿರಬೇಕು. ಶಿಬಿರ ತಲುಪಿ ಹೊರೆಯಿಳಿಸಿದೊಡನೆ, ಮೈಬಿಸಿ ಆರುವುದಕ್ಕೆ ಮುಂಚೆಯೇ, ಒದ್ದೆಯಾದ ಒಳಂಗಿಯನ್ನು ಬದಲಿಸಿ ಜಾಕೆಟ್ಟನ್ನು ತೊಡಬೇಕು; ಇರುವ ಶಾಖವನ್ನು ಕಾಯುವುದು ಸುಲಭ, ಕಳೆದುಕೊಂಡದ್ದನ್ನು ಮರಳಿ ಪಡೆಯುವುದು ಕಷ್ಟ.

ಇನ್ನೊಂದು ಮಾತನ್ನು ಹೇಳದಿರಲಾರೆ. ಐಸ್‌ಲೆಂಡಿನಲ್ಲಿ ಹೆಣ್ಣು ಐಡರ್ ತನ್ನ ಎದೆಯ ತುಪ್ಪುಳವನ್ನು ತಾನೇ ಕಿತ್ತು ಗೂಡಿಗೆ ಹಾಸುತ್ತದೆ. ಜನ ಅದನ್ನು ಗೂಡಿನಿಂದ ಆಯ್ದುಕೊಳ್ಳುತ್ತಾರೆ. ಆದರೆ ಮಾರುಕಟ್ಟೆಯ ತುಪ್ಪುಳದಲ್ಲಿ ಬಹುಪಾಲು ಮಾಂಸಕ್ಕಾಗಿ ಸಾಕಿದ ಬಾತುಗಳದು. ಬದುಕಿರುವ ಹಕ್ಕಿಯ ಮೈಯಿಂದಲೇ ಕೀಳುವ ಕ್ರೌರ್ಯವೂ ಈ ವ್ಯಾಪಾರದಲ್ಲಿ ನಡೆದುಬಂದಿದೆ. ಅಂಥ ತುಪ್ಪುಳವಲ್ಲವೆಂಬ ಪ್ರಮಾಣಪತ್ರವುಳ್ಳ ಜಾಕೆಟ್ಟನ್ನೇ ಆರಿಸುವುದು ನಮ್ಮ ಕರ್ತವ್ಯ. ಒಮ್ಮೆ ಕೊಂಡದ್ದನ್ನು ದೀರ್ಘಕಾಲ ಬಾಳಿಸುವುದೂ ಕರ್ತವ್ಯವೇ. ಪ್ರಯಾಣದಿಂದ ಮರಳಿದ ದಿನವೇ ಅದನ್ನು ಸಣ್ಣ ಚೀಲದ ಬಿಗಿತದಿಂದ ಬಿಡಿಸಿ, ಕೊಡವಿ, ಗಾಳಿಯಾಡುವೆಡೆಯಲ್ಲಿ ಸಡಿಲವಾಗಿ ತೂಗುಹಾಕಿರಿ. ಮಾರನೆಯ ಬೆಳಗ್ಗೆ ನೋಡಿದರೆ, ಕುಗ್ಗಿದ್ದ ಅಂಕಣಗಳೆಲ್ಲ ಮತ್ತೆ ಗಾಳಿ ತುಂಬಿಕೊಂಡು ಉಬ್ಬಿ ನಿಂತಿರುತ್ತವೆ.