ಹೆದ್ದಾರಿ ಕೂಡುವಲ್ಲಿ ತೋಟದವನ ಪಾಡು

ಮಂಗಳೂರಿಗೆ ಮಾಲು ಕಳಿಸುವ ನಮ್ಮ ಸದಸ್ಯರಿಗೆ ನಂತೂರು, ಪಂಪ್‌ವೆಲ್ ಎಂಬ ಎರಡು ಹೆಸರುಗಳ ಪರಿಚಯ ಮಾಡಿಕೊಡಬೇಕಾಗಿಲ್ಲ. ಶಿರಾಡಿ ಘಾಟಿ ಇಳಿದು ಬಂದ ಕಾಫಿ ಲಾರಿಯಾಗಲಿ, ಪುತ್ತೂರು, ಸುಳ್ಯದ ಕಡೆಯಿಂದ ಅಡಿಕೆ ಗೋಣಿ ಹೊತ್ತು ಬಂದ ವ್ಯಾನಾಗಲಿ, ಅಷ್ಟು ದೂರ ಸರಾಗವಾಗಿ ಬಂದು ಪೇಟೆಯ ಬಾಗಿಲಲ್ಲಿ ನಿಂತುಬಿಡುತ್ತಿದ್ದುದು ಇಲ್ಲಿಯೇ. ಬಿ.ಸಿ. ರೋಡಿನಿಂದ ಪಡೀಲ್ ಮೇಲೆ ಬರುವ ಹೆದ್ದಾರಿ, ಮೂಡಬಿದಿರೆ ಕಡೆಯ 169, ಕರಾವಳಿಯುದ್ದಕ್ಕೂ ಓಡುವ 66, ಇವಿಷ್ಟೂ ಬಂದು ಸೇರುವ ಕಡೆ ಊರಿನ ಬಸ್ಸು, ಶಾಲೆಯ ವ್ಯಾನು, ರಿಕ್ಷಾಗಳೂ ಕೂಡಿಕೊಂಡರೆ ಏನಾದೀತೆಂಬುದನ್ನು ವರ್ಣಿಸಬೇಕೆ? ಲಾರಿ ನಿಂತಷ್ಟು ಹೊತ್ತಿನ ಬಾಡಿಗೆ ಕೊನೆಗೆ ಸುತ್ತಿ ಬಳಸಿ ಬಂದು ಬೀಳುವುದು ಬೆಳೆಗಾರನ ಲೆಕ್ಕಕ್ಕೆ.

ಆದ್ದರಿಂದ ಕೂಡುರಸ್ತೆಗಳನ್ನು ಸುಧಾರಿಸಬೇಕೆಂಬ ಮಾತಿಗೆ ನಾವು ವಿರೋಧಿಗಳಲ್ಲ. ಆದರೆ ಎಂತಹ ಸುಧಾರಣೆ, ಯಾರ ಜಾಗದಲ್ಲಿ, ಅದರಿಂದ ಯಾರ ಗಾಡಿಗೆ ದಾರಿ ಎಂಬ ಮೂರು ಪ್ರಶ್ನೆಗಳನ್ನು ಕೇಳದೆ ಸಂತೋಷಪಡುವುದು ಜಾಣತನವಲ್ಲ.

ಪಂಪ್‌ವೆಲ್‌ನ ಮೇಲ್ಸೇತುವೆಯನ್ನೇ ನೋಡಬಹುದು. ವರ್ಷಗಟ್ಟಲೆ ಅರ್ಧಕ್ಕೆ ನಿಂತು, ಊರವರ ಕುಚೋದ್ಯಕ್ಕೆಲ್ಲ ಆಹಾರವಾಗಿ, ಅದು ಸಂಚಾರಕ್ಕೆ ತೆರೆದದ್ದು 2020ರ ಜನವರಿ 31ರಂದು. ತಲಪಾಡಿಯಿಂದ ಉಡುಪಿಯತ್ತ ನೇರವಾಗಿ ಹೋಗುವವನಿಗೆ ಅದರಿಂದ ಉಪಕಾರವಾಯಿತೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಪಡೀಲಿನಿಂದ ಬಂದು ಕಂಕನಾಡಿಯತ್ತ ಹೋಗಬೇಕಾದವನಿಗೆ ಸೇತುವೆ ತಲೆಯ ಮೇಲಿನ ನೆರಳು ಮಾತ್ರ. ಅವನು ಕೆಳಗಿನ ವೃತ್ತದಲ್ಲಿ ಮೊದಲಿನಂತೆಯೇ ಸರದಿ ಕಾಯಬೇಕು. ಮೇಲ್ಸೇತುವೆ ಬೇರೆ, ಇಂಜಿನಿಯರರು ಇಂಟರ್‌ಚೇಂಜ್ ಎಂದು ಕರೆಯುವ ಕೂಡುರಸ್ತೆ ಬೇರೆ. ಮೊದಲನೆಯದು ಒಂದು ರಸ್ತೆಯನ್ನು ಇನ್ನೊಂದರ ಮೇಲೆ ಹಾಯಿಸುತ್ತದೆ, ಅಷ್ಟೆ. ಎರಡನೆಯದು ಹಾಯಿಸುವುದರ ಜೊತೆಗೆ ಒಂದರಿಂದ ಇನ್ನೊಂದಕ್ಕೆ ಇಳಿಯುವ, ಏರುವ ದಾರಿಗಳನ್ನೂ ಕೊಡುತ್ತದೆ.

ಇವುಗಳಲ್ಲಿ ಪ್ರಸಿದ್ಧವಾದುದು ನಾಲ್ಕೆಲೆಯ ಆಕಾರದ ಕ್ಲೋವರ್‌ಲೀಫ್. ಇದಕ್ಕೆ 1916ರಲ್ಲಿ ಪೇಟೆಂಟ್ ಪಡೆದವನು ಅಮೆರಿಕದ ಆರ್ಥರ್ ಹೇಲ್. ಆ ದೇಶದಲ್ಲಿ ಮೊದಲು ಕಟ್ಟಿದ್ದು 1929ರಲ್ಲಿ, ನ್ಯೂಜೆರ್ಸಿಯ ವುಡ್‌ಬ್ರಿಜ್‌ನಲ್ಲಿ. ನಮ್ಮ ಕಡೆಯವರು ಕಂಡಿರಬಹುದಾದದ್ದು 2008ರಲ್ಲಿ ತೆರೆದ ಚೆನ್ನೈಯ ಕತಿಪಾರ. ಎಡಬದಿಯಲ್ಲಿ ಓಡುವ ನಮ್ಮ ದೇಶದಲ್ಲಿ ಕಷ್ಟವಿರುವುದು ಬಲಕ್ಕೆ ತಿರುಗುವವನಿಗೆ. ಕ್ಲೋವರ್‌ಲೀಫ್‌ನಲ್ಲಿ ಅವನು ಬಲಕ್ಕೆ ತಿರುಗುವುದೇ ಇಲ್ಲ. ಅಡ್ಡರಸ್ತೆಯನ್ನು ದಾಟಿ ಮುಂದೆ ಹೋಗಿ, ಎಡಕ್ಕೆ ಮುಕ್ಕಾಲು ಸುತ್ತು ಸುತ್ತಿ, ಬೇಕಾದ ರಸ್ತೆಗೆ ಸೇರುತ್ತಾನೆ. ಎದುರಿನವನಿಗೆ ಅಡ್ಡ ಬರುವ ಪ್ರಸಂಗವೇ ಇಲ್ಲ. ಸಿಗ್ನಲ್ಲೂ ಬೇಡ, ಪೋಲೀಸನೂ ಬೇಡ.

ಕೇಳಲು ಬಲು ಚೆಂದ. ಈಗ ನೆಲದ ಲೆಕ್ಕ ಹಾಕೋಣ. ಒಂದು ಸುತ್ತಿನ ತ್ರಿಜ್ಯ 50 ಮೀಟರ್ ಎಂದಿಟ್ಟುಕೊಂಡರೂ ಆ ವೃತ್ತದೊಳಗೆ ಹೋಗುವ ನೆಲ ಸುಮಾರು 7,850 ಚದರ ಮೀಟರ್, ಎಂದರೆ ಹತ್ತಿರ ಹತ್ತಿರ ಎರಡು ಎಕರೆ. ಅಂತಹವು ನಾಲ್ಕು. ಹೊರಬದಿಯ ಎಡತಿರುವುಗಳು, ಏರಿ, ಚರಂಡಿ ಎಲ್ಲ ಬೇರೆ. ನಮ್ಮ ಸಂಘದ ಅನೇಕರ ಹಿಡುವಳಿಯೇ ಎರಡು ಎಕರೆಯಲ್ಲವೆ? ಒಂದು ಎಲೆಗೆ ಒಬ್ಬ ಸದಸ್ಯನ ತೋಟ! ಬಯಲಿನಲ್ಲಿ ಇದು ಸಾಗೀತು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಣಿವೆ, ನಡುವೆ ಮನೆಗಳಿರುವ ನಮ್ಮ ಸೀಮೆಯಲ್ಲಿ ಕ್ಲೋವರ್‌ಲೀಫ್ ಕೇಳುವವರು ಮೊದಲು ನೆಲ ತೋರಿಸಬೇಕು. ಮೂರು ದಾರಿ ಕೂಡುವಲ್ಲಿ ಒಂದೇ ಸುತ್ತಿನ ಟ್ರಂಪೆಟ್ ಸಾಕಾಗುತ್ತದೆ. ನಾಲ್ಕು ದಾರಿಗಾದರೆ ವಜ್ರದ ಆಕಾರದ ಡೈಮಂಡ್ ಎಂಬುದುಂಟು. ಅದರಲ್ಲಿ ಸಣ್ಣ ರಸ್ತೆಯಲ್ಲಿ ಸಿಗ್ನಲ್ ಇಟ್ಟುಕೊಳ್ಳಬೇಕಾದರೂ ನೆಲ ಬಹಳ ಉಳಿಯುತ್ತದೆ. ನಮ್ಮ ಅಭಿಪ್ರಾಯದಲ್ಲಿ ತೋಟದ ಸೀಮೆಗೆ ಅದೇ ಹೆಚ್ಚು ಒಪ್ಪುವಂಥದು.

ಗಾಡಿಯ ಪ್ರಶ್ನೆಗೆ ಬರೋಣ. ಇಲ್ಲಿ ಬಯಲುಸೀಮೆಯ ಕಬ್ಬಿನವರ ಸ್ಥಿತಿಯನ್ನು ನೋಡಿದರೆ ನಮಗೂ ತಿಳುವಳಿಕೆ ಬರುತ್ತದೆ. ಬೆಳಗಾವಿ ಜಿಲ್ಲೆಯಲ್ಲಿ ಕಲ್ಲೋಳಿ, ಗೋಕಾಕ, ಮೂಡಲಗಿ, ಹುಕ್ಕೇರಿಯ ಸುತ್ತ ಘಟಪ್ರಭೆಯ ನೀರುಂಡ ನೆಲವೆಲ್ಲ ಕಬ್ಬು. ಕಾರ್ಖಾನೆ ಹೊಗೆಯಾಡತೊಡಗಿದ ಮೇಲೆ ಒಂದು ಟ್ರ್ಯಾಕ್ಟರಿನ ಹಿಂದೆ ಎರಡು ಟ್ರೇಲರ್, ಅದರ ಮೇಲೆ ಆಳೆತ್ತರದ ಹೊರೆ, ಜೊತೆಗೆ ಟೇಪಿನ ಹಾಡು, ಹೀಗೆ ಸಾಲುಸಾಲಾಗಿ ಹೊರಡುತ್ತವೆ. ಹುಕ್ಕೇರಿ ತಾಲೂಕಿನ ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆಯಿದೆ; ಅದೇ ಊರಿನ ಮಗ್ಗುಲಲ್ಲಿ ಪುಣೆ ಬೆಂಗಳೂರು ಹೆದ್ದಾರಿ, ಹಿಂದಿನ 4, ಈಗಿನ 48. ಬೆಳಗಾವಿಯಿಂದ ಸಂಕೇಶ್ವರ ಬೈಪಾಸಿನವರೆಗೆ ಇದನ್ನು ಆರು ಪಥಗಳಾಗಿ ಮಾಡುವ ಕೆಲಸಕ್ಕೆ 2023ರ ಫೆಬ್ರವರಿಯಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿಯವರು ಶಂಕುಸ್ಥಾಪನೆ ಮಾಡಿದರು. ದೂರದ ಲಾರಿಗೆ, ಕಾರಿಗೆ ಇದು ಒಳ್ಳೆಯ ಸುದ್ದಿಯೇ. ಗಂಟೆಗೆ ಹದಿನೈದು ಕಿಲೋಮೀಟರ್ ಓಡುವ ಕಬ್ಬಿನ ಟ್ರ್ಯಾಕ್ಟರು ಮಾತ್ರ ನೂರರಲ್ಲಿ ಓಡುವ ಕಾರಿನ ನಡುವೆ ಸೇರಿಕೊಳ್ಳಲಾರದು, ಸೇರಿಕೊಂಡರೆ ಇಬ್ಬರಿಗೂ ಅಪಾಯ. ಅದಕ್ಕೆ ಬೇಕಾದ್ದು ಆರು ಪಥವಲ್ಲ; ಕೆಳಗಿನಿಂದ ದಾಟಲು ಹೊರೆಯ ಎತ್ತರಕ್ಕೆ ಸಾಕಾಗುವ ಒಂದು ಕೆಳದಾರಿ, ಮತ್ತು ನಡುವೆ ಕಡಿಯದೆ ಮುಂದುವರಿಯುವ ಸರ್ವೀಸ್ ರಸ್ತೆ.

ಇದು ಸುಮ್ಮನೆ ಹೆದರಿಸುವ ಮಾತಲ್ಲ. ಬೆಂಗಳೂರು ಮೈಸೂರು ನಡುವಿನ ಸುಮಾರು 118 ಕಿ.ಮೀ. ಹೊಸ ಹೆದ್ದಾರಿಯನ್ನು 2023ರ ಮಾರ್ಚ್ 12ರಂದು ಪ್ರಧಾನಿಯವರು ಮಂಡ್ಯದಲ್ಲಿ ಲೋಕಾರ್ಪಣೆ ಮಾಡಿದರು. ಅಪಘಾತಗಳು ಹೆಚ್ಚಿದುವೆಂದು ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಮುಖ್ಯ ಪಥವನ್ನು ಮುಚ್ಚಲಾಯಿತು. ಜೀವ ಉಳಿಸುವ ಕ್ರಮವೆಂದು ನಾವು ಅದನ್ನು ಒಪ್ಪುತ್ತೇವೆ. ಆದರೆ ತನ್ನ ಹೊಲದ ಮಗ್ಗುಲಲ್ಲೇ ಹಾದ ದಾರಿಯಲ್ಲಿ ರೈತ ತನ್ನ ಗಾಡಿ ಹೊಡೆಯುವಂತಿಲ್ಲ ಎಂದಮೇಲೆ, ಸರ್ವೀಸ್ ರಸ್ತೆ ಎಂಬುದು ಅವನ ಪಾಲಿಗೆ ಉಪರಸ್ತೆಯಲ್ಲ, ಅದೇ ರಸ್ತೆ. ನಕಾಶೆಯಲ್ಲಿ ಅದು ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತದೆಂದು ಮೊದಲೇ ನೋಡಿಕೊಳ್ಳಬೇಕು. ಗೊಬ್ಬರದ ಟಿಲ್ಲರು, ಹಸಿ ಅಡಿಕೆ ತುಂಬಿದ ಪಿಕಪ್ಪು, ಕೊಯ್ಲಿನ ಆಳುಗಳ ಜೀಪು, ಇವು ದಿನಕ್ಕೆ ನಾಲ್ಕು ಬಾರಿ ದಾಟಬೇಕಾದ ಕಡೆ ಮೂರು ಕಿಲೋಮೀಟರ್ ಸುತ್ತು ಬಿದ್ದರೆ ವರ್ಷದ ಕೊನೆಗೆ ಡೀಸೆಲ್ಲಿನ ಲೆಕ್ಕವೇ ಸಾಕು.

ಇನ್ನು ಜಾಗದ ವಿಷಯ. ಸದಸ್ಯರು ಹೆಚ್ಚಾಗಿ ಕೇಳುವುದೂ ಇದನ್ನೇ. ರಾಷ್ಟ್ರೀಯ ಹೆದ್ದಾರಿಗೆ ನೆಲ ತೆಗೆದುಕೊಳ್ಳುವುದು 1956ರ ರಾಷ್ಟ್ರೀಯ ಹೆದ್ದಾರಿ ಕಾಯಿದೆಯಂತೆ. ಮೊದಲು 3ಎ ಪ್ರಕಟಣೆ ಗೆಜೆಟ್ಟಿನಲ್ಲಿ ಬರುತ್ತದೆ. ಅದರ ಸಾರಾಂಶ ಎರಡು ಪತ್ರಿಕೆಗಳಲ್ಲಿ ಬರಬೇಕು, ಒಂದು ಆಯಾ ಪ್ರದೇಶದ ಭಾಷೆಯದಾಗಿರಬೇಕು. ಗೆಜೆಟ್ ಪ್ರಕಟಣೆಯಿಂದ 21 ದಿನದೊಳಗೆ, 3ಸಿ ಪ್ರಕಾರ, ಲಿಖಿತ ಆಕ್ಷೇಪಣೆ ಸಲ್ಲಿಸಬೇಕು. ಮದುವೆ, ಕೊಯ್ಲು, ಮಳೆ ಎಂದು ಈ 21 ದಿನ ಕಳೆದುಕೊಂಡರೆ ಆಮೇಲೆ ಯಾರ ಕಾಲು ಹಿಡಿದರೂ ಪ್ರಯೋಜನ ಕಡಿಮೆ. 3ಡಿ ಪ್ರಕಟಣೆ ಬಂದೊಡನೆ ನೆಲ ಸರ್ಕಾರಕ್ಕೆ ಸೇರಿತು. 3ಎ ಆದ ಒಂದು ವರ್ಷದೊಳಗೆ 3ಡಿ ಬರದಿದ್ದರೆ ಮೊದಲ ಪ್ರಕಟಣೆಯೇ ಬಿದ್ದುಹೋಗುತ್ತದೆ ಎಂಬುದೂ ನೆನಪಿರಲಿ. ನ್ಯಾಯಾಲಯದ ತಡೆಯಿದ್ದ ಕಾಲವನ್ನು ಮಾತ್ರ ಇದರಲ್ಲಿ ಎಣಿಸುವುದಿಲ್ಲ.

ಪರಿಹಾರದಲ್ಲಿ ಹಿಂದಿಗಿಂತ ಈಗ ಬೆಳೆಗಾರನ ಕೈ ಸ್ವಲ್ಪ ಮೇಲಿದೆ. 2013ರ ಭೂಸ್ವಾಧೀನ ಕಾಯಿದೆಯ ಪರಿಹಾರದ ಕ್ರಮ 2015ರ ಜನವರಿ 1ರಿಂದ ಹೆದ್ದಾರಿಯ ಸ್ವಾಧೀನಕ್ಕೂ ಅನ್ವಯಿಸಿದೆ. ಅದರಂತೆ ಮಾರುಕಟ್ಟೆ ಬೆಲೆಯನ್ನು ಗ್ರಾಮಾಂತರದಲ್ಲಿ ಒಂದರಿಂದ ಎರಡರವರೆಗಿನ ಗುಣಕದಿಂದ ಹೆಚ್ಚಿಸಿ, ಮರ, ಕಟ್ಟಡಗಳ ಬೆಲೆ ಕೂಡಿಸಿ, ಒಟ್ಟಿನ ಮೇಲೆ ನೂರಕ್ಕೆ ನೂರು ಸೊಲೇಷಿಯಂ ಕೊಡಬೇಕು. ಹೆದ್ದಾರಿ ಕಾಯಿದೆಯಡಿ ನೆಲ ಕಳೆದುಕೊಂಡವರಿಗೆ ಸೊಲೇಷಿಯಂ ಇಲ್ಲವೆಂಬ ಹಳೆಯ ಭೇದವನ್ನು ಸುಪ್ರೀಂ ಕೋರ್ಟು 2019ರ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಅಸಂವಿಧಾನಿಕವೆಂದು ತಳ್ಳಿಹಾಕಿತು. ನಿಗದಿಯಾದ ಮೊತ್ತ ಒಪ್ಪಿಗೆಯಾಗದಿದ್ದರೆ 3ಜಿ(5)ರಂತೆ ಮಧ್ಯಸ್ಥಗಾರರ ಮುಂದೆ ಹೋಗಬಹುದು.

ನಮ್ಮವರು ಸೋಲುವುದು ಕಾನೂನಿನಲ್ಲಲ್ಲ, ಕಾಗದದಲ್ಲಿ. ಅಪ್ಪನ ಕಾಲದಲ್ಲಿ ಗದ್ದೆಯಾಗಿದ್ದಲ್ಲಿ ಮೂವತ್ತು ವರ್ಷದ ಅಡಿಕೆ ನಿಂತಿದ್ದರೂ ಪಹಣಿಯ ಬೆಳೆ ಕಾಲಂ ಭತ್ತವನ್ನೇ ಹೇಳುತ್ತಿರುತ್ತದೆ. ಖಾತೆ ಅಜ್ಜನ ಹೆಸರಲ್ಲೇ ಉಳಿದು, ಪಾಲು ಬಾಯಿಮಾತಿನಲ್ಲಿ ಆಗಿರುತ್ತದೆ. ಜಂಟಿ ಅಳತೆಗೆ ಅಧಿಕಾರಿಗಳು ಬಂದ ದಿನ ಮನೆಯಲ್ಲಿ ಯಾರೂ ಇರುವುದಿಲ್ಲ. ಮರಗಳ ಬೆಲೆ ಕಟ್ಟಲು ತೋಟಗಾರಿಕೆ ಬಲ್ಲವರ ನೆರವು ಪಡೆಯಲು ಕಾಯಿದೆಯಲ್ಲೇ ಅವಕಾಶವಿದೆ. ಆದರೆ ಎಣಿಕೆಯ ಪಟ್ಟಿಗೆ ಸೇರದ್ದಕ್ಕೆ ಬೆಲೆ ಕಟ್ಟುವವರು ಯಾರು? ಅಡಿಕೆಯನ್ನು ಫಲ ಬಂದದ್ದು, ಬಾರದ್ದು ಎಂದು ವಿಂಗಡಿಸಿ ಬರೆಸಬೇಕು. ಕಾಫಿ ಗಿಡದ ಜೊತೆಗೆ ನೆರಳಿನ ಮರ, ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಬಾಳೆ, ಬಾವಿ, ಪಂಪ್‌ಶೆಡ್ಡು, ಹೂತ ಪೈಪು, ಒಣಗಿಸುವ ಕಣ, ಒಂದನ್ನೂ ಬಿಡಬಾರದು.

ಇನ್ನೊಂದು ನಷ್ಟವನ್ನು ಅನೇಕರು ಕೇಳುವುದೇ ಇಲ್ಲ. ರಸ್ತೆ ತೋಟದ ನಡುವೆ ಹಾದು ಮುಕ್ಕಾಲು ಎಕರೆ ಆಚೆ, ಬಾವಿ ಈಚೆ ಉಳಿದರೆ, ಹೋದ ನೆಲಕ್ಕೆ ಮಾತ್ರವಲ್ಲ, ತುಂಡಾಗಿ ಉಳಿದದ್ದರ ಹಾನಿಗೂ 3ಜಿ(7)ರಲ್ಲಿ ಎಡೆಯಿದೆ. ಹಕ್ಕುದಾರರು ಹಾಜರಾಗಿ ತಮ್ಮ ಬೇಡಿಕೆ ಹೇಳಬೇಕೆಂಬ ಪತ್ರಿಕಾ ಪ್ರಕಟಣೆ ಬಂದಾಗ ಇದನ್ನು ಬರವಣಿಗೆಯಲ್ಲೇ ಕೊಡುವುದು ಕ್ಷೇಮ.

ನೀರಿನ ಸಂಗತಿಯಂತೂ ಇನ್ನೂ ಸೂಕ್ಷ್ಮ. ಕೂಡುರಸ್ತೆಯ ಏರಿ ಎಂದರೆ ತೋಟದ ಮಗ್ಗುಲಲ್ಲಿ ಕಟ್ಟಿದ ಅಣೆಕಟ್ಟಿನಂತೆಯೇ. ಮೋರಿ ಚಿಕ್ಕದಾದರೆ, ಇಲ್ಲವೆ ತೋಡಿನ ಜಾಡು ಬಿಟ್ಟು ಬೇರೆಡೆ ಇಟ್ಟರೆ, ಆಷಾಢದ ಮಳೆಯಲ್ಲಿ ಮೇಲ್ಬದಿಯ ತೋಟದಲ್ಲಿ ನೀರು ನಿಲ್ಲುತ್ತದೆ, ಕೆಳಬದಿಯವನಿಗೆ ಬೇಸಗೆಯ ಒರತೆ ತಪ್ಪುತ್ತದೆ. ಬುಡದಲ್ಲಿ ನೀರು ನಿಂತ ಅಡಿಕೆ ಮರದ ಗತಿ ಸದಸ್ಯರಿಗೆ ಗೊತ್ತು: ಒಂದೆರಡು ವರ್ಷದಲ್ಲಿ ಸೋಗೆ ಹಳದಿಯಾಗುತ್ತದೆ. ಅಷ್ಟರಲ್ಲಿ ಅಳತೆ ಮಾಡಿದವರು ವರ್ಗವಾಗಿ ಹೋಗಿರುತ್ತಾರೆ. ಒಬ್ಬೊಬ್ಬರೇ ಹೋಗಿ ಮೋರಿ ಕೇಳಿದರೆ ಕಿವಿಗೆ ಬೀಳುವುದು ಕಷ್ಟ. ಆದ್ದರಿಂದ ಅಳತೆಯ ನಕಾಶೆ ಕೈಸೇರಿದ ಸದಸ್ಯರು ಅದರ ಒಂದು ಪ್ರತಿಯನ್ನು ಸಂಘದ ಕಛೇರಿಗೆ ತಲುಪಿಸಬೇಕಾಗಿ ಕೋರುತ್ತೇವೆ. ಒಂದೇ ತೋಡಿನ ಮೇಲ್ಬದಿ ಕೆಳಬದಿಯವರನ್ನು ಕೂಡಿಸಿ, ಮೋರಿ, ಕೆಳದಾರಿ, ಸರ್ವೀಸ್ ರಸ್ತೆ ಮೂರನ್ನೂ ಒಂದೇ ಮನವಿಯಲ್ಲಿ ಬರೆದು, 21 ದಿನ ಮುಗಿಯುವ ಮೊದಲು ಸ್ವೀಕೃತಿ ಪಡೆದು ಬರಬಹುದು.